ಫೈಬರ್ ಹರಿಗೋಲಿಗೆ ಡಾಂಬರು ಮದ್ದಲ್ಲ

ಮಕ್ತಲ್ ಕಡೆಯಿಂದ ಕೃಷ್ಣೆಯ ದಂಡೆಗೆ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಮಗುಚಿ ಹಾಕಿದ ಹರಿಗೋಲುಗಳು. ಕೆಲವು ಬಿದಿರಿನವು, ಡಾಂಬರು ಬಳಿದು ಕಪ್ಪಾದವು. ಕೆಲವು ಫೈಬರಿನವು, ಬಿಸಿಲಿಗೆ ಬಣ್ಣ ಮಾಸಿದವು. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಾಗ ಇವುಗಳ ರಿಪೇರಿ ಶುರುವಾಗುತ್ತದೆ. ಆಗ ದಂಡೆಯ ಮೇಲೆ ಯಾವಾಗ ಬೇಕಾದರೂ ಕಿವಿಗೆ ಬೀಳುವ ಮಾತು ಇಂಥದ್ದು:

"ಏ ತಮ್ಮಾ, ತಳ ಬಿರುಕು ಬಿಟ್ಟದ ನೋಡು. ಒಂದೀಟು ಡಾಂಬರ್ ಕಾಸಿ ಬಳಿ, ನಡೀತದ."

"ಬಳದ್ರ ನಿಲ್ಲಂಗಿಲ್ಲ ಕಾಕಾ. ಇದು ಬಿದಿರಲ್ಲ, ಫೈಬರ್ ಅದ."

ಕಾಕಾನ ಮಾತು ಬಿದಿರಿನ ಹರಿಗೋಲಿಗೆ ಸರಿ. ತಮ್ಮನ ಮಾತು ಫೈಬರಿಗೆ ಸರಿ. ಆದರೆ ಡಾಂಬರು ಬೇಡವಾದರೆ ಮತ್ತೇನು ಹಚ್ಚಬೇಕು, ಎಷ್ಟು ಹಚ್ಚಬೇಕು, ಯಾವ ಹೊತ್ತಿನಲ್ಲಿ ಹಚ್ಚಬೇಕು ಎಂಬುದು ತಮ್ಮನಿಗೂ ಪೂರ್ತಿ ಗೊತ್ತಿರುವುದಿಲ್ಲ. ಬಿದಿರು ಹೆಣೆಯುವುದನ್ನು ಅಪ್ಪ ಮಗನಿಗೆ ಕಲಿಸಿದ್ದಾನೆ. ಫೈಬರನ್ನು ಯಾರೂ ಕಲಿಸಿಲ್ಲ. ಗಡಿಯ ಈ ಕಡೆ, ಆ ಕಡೆ ಎರಡೂ ದಂಡೆಯ ಮೀನುಗಾರರ, ರೈತರ ಪೇಚಾಟ ಇರುವುದು ಇಲ್ಲೇ.

ಎರಡು ದಂಡೆ, ಒಂದೇ ಬುಟ್ಟಿ

ಭೀಮೆಯನ್ನು ಕೂಡಿಕೊಂಡ ಕೃಷ್ಣೆ ರಾಯಚೂರು ಜಿಲ್ಲೆ ಮತ್ತು ತೆಲಂಗಾಣದ ನಡುವೆ ಗಡಿಯಾಗಿ ಹರಿಯುತ್ತಾಳೆ. ದಕ್ಷಿಣಕ್ಕೆ ದೇವಸೂಗೂರು, ಶಕ್ತಿನಗರ, ಆತ್ಕೂರು. ಉತ್ತರಕ್ಕೆ ಕೃಷ್ಣಾ, ಮಕ್ತಲ್, ಪಂಚದೇವ ಪಹಾಡ್. ಮುಂದೆ ಜುರಾಲಾ, ಅದರಾಚೆ ಗದ್ವಾಲದ ನಡಿಗಡ್ಡ ಸೀಮೆ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ನೆಲ ಭಾಷೆಯ ಮೇಲೆ ಹಂಚಿಕೆಯಾದಾಗ ರಾಯಚೂರು ಈ ಕಡೆ ಬಂತು, ನಾರಾಯಣಪೇಟೆ, ಮಕ್ತಲ್ ಆ ಕಡೆ ಉಳಿದವು. 2016ರ ಅಕ್ಟೋಬರಿನಲ್ಲಿ ಗದ್ವಾಲವು ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ತಾನೂ ಜಿಲ್ಲೆಯಾಯಿತು. ನಕ್ಷೆ ಇಷ್ಟು ಸಲ ಬದಲಾದರೂ ದಂಡೆಯ ವ್ಯವಹಾರ ಬದಲಾಗಲಿಲ್ಲ. ಈಚೆ ಹರಿಗೋಲು ಎಂದರೆ ಆಚೆ ಪುಟ್ಟಿ. ವಸ್ತು ಒಂದೇ, ನೀರೂ ಒಂದೇ.

ರೈಲಿಗೆ ಸೇತುವೆ ಇದೆ. ಹೆದ್ದಾರಿಗೂ ದೇವಸೂಗೂರಿನ ಹತ್ತಿರ ಸೇತುವೆ ಇದೆ. ಆದರೆ ನದಿಯ ನಡುವಿನ ಗಡ್ಡೆಗಳಲ್ಲಿ ಬಾಳುವವರಿಗೆ ಸೇತುವೆ ಬಹಳ ದೂರದ ಮಾತು. ರಾಯಚೂರು ತಾಲ್ಲೂಕಿನ ಕುರ್ವಕುರ್ದಾ, ಕುರ್ವಕಲಾ ಜನ ಕಾಲದಿಂದಲೂ ಹರಿಗೋಲನ್ನೇ ನಂಬಿದವರು. ಶ್ರೀಪಾದ ಶ್ರೀವಲ್ಲಭರ ಕುರುವಪುರಕ್ಕೆ ಬರುವ ಭಕ್ತರು ಆತ್ಕೂರು ಕಡೆಯಿಂದಲೋ ಪಂಚದೇವ ಪಹಾಡ್ ಕಡೆಯಿಂದಲೋ ಹರಿಗೋಲು ಹತ್ತಿ ದಾಟುವುದು ಹಿಂದಿನಿಂದ ಬಂದ ರೂಢಿ. ಗದ್ವಾಲದ ಹತ್ತಿರ ಗುರ್ರಂಗಡ್ಡ ಎಂಬ ಇನ್ನೊಂದು ನಡುಗಡ್ಡೆಯ ಊರಿದೆ. ಇಂಥ ಊರುಗಳಲ್ಲಿ ಹರಿಗೋಲು ಎಂದರೆ ಮೀನಿನ ಬುಟ್ಟಿ ಮಾತ್ರವಲ್ಲ. ಗೊಬ್ಬರದ ಚೀಲ, ಸಂತೆಯ ಸಾಮಾನು, ಬಾಣಂತಿ, ಶಾಲೆಯ ಹುಡುಗ ಎಲ್ಲವೂ ಅದರಲ್ಲೇ ದಾಟಬೇಕು.

2020ರ ಆಗಸ್ಟಿನಲ್ಲಿ ನಡೆದದ್ದನ್ನು ದಂಡೆಯವರು ಮರೆತಿಲ್ಲ. ಪಂಚದೇವ ಪಹಾಡ್ ಕಡೆ ಸಾಮಾನಿಗೆಂದು ಹೋಗಿದ್ದ ಗಡ್ಡೆಯ ಊರಿನವರು ಮರಳುವಾಗ, ತುಂಬಿದ ಹೊಳೆಯಲ್ಲಿ ಹರಿಗೋಲು ಮಗುಚಿತು. ಕೆಲವರು ಈಜಿ, ಕೆಲವರು ಕೈಗೆ ಸಿಕ್ಕಿದ್ದನ್ನು ಹಿಡಿದು ಬದುಕಿದರು. ನಾಲ್ವರು ನೀರುಪಾಲಾದರು. ಆ ದಿನದ ತಪ್ಪು ಯಾರದು ಎಂದು ಹೇಳುವುದು ಈ ಲೇಖನದ ಕೆಲಸವಲ್ಲ. ಹರಿಗೋಲಿನ ತಳ, ಅಂಚು, ತೇಲುವ ಶಕ್ತಿ ಇವು ಜೀವದ ಪ್ರಶ್ನೆ ಎಂಬುದನ್ನು ನೆನಪಿಸಲು ಅಷ್ಟು ಸಾಕು.

ಚರ್ಮದಿಂದ ಫೈಬರಿಗೆ

ಹರಿಗೋಲು ಇಂದು ನಿನ್ನೆಯದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹತ್ತಿರ ಜನ ದುಂಡನೆಯ ಬುಟ್ಟಿದೋಣಿಯಲ್ಲಿ ತುಂಗಭದ್ರೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ತಿರುಗುತ್ತಾ ತಿರುಗುತ್ತಾ ಸಾಗುವ ಅದರ ನಡೆಯೂ ಅವನ ಕಣ್ಣಿಗೆ ಬಿದ್ದಿತ್ತು. ಐನೂರು ವರ್ಷದ ಮೇಲೂ ಆ ನಡೆ ಹಾಗೇ ಇದೆ.

ದುಂಡಗೆ ಯಾಕೆ ಎಂದರೆ ನಮ್ಮ ಹೊಳೆಯೇ ಉತ್ತರ. ಕೃಷ್ಣೆ, ತುಂಗಭದ್ರೆ ಎರಡೂ ಬಂಡೆಗಲ್ಲಿನ ಹೊಳೆಗಳು. ಉದ್ದನೆಯ ದೋಣಿಗೆ ಆಳ ಬೇಕು, ನೇರ ದಾರಿ ಬೇಕು. ಹರಿಗೋಲಿಗೆ ಗೇಣುದ್ದ ನೀರಿದ್ದರೂ ಸಾಕು. ಬಂಡೆಗೆ ತಾಗಿದರೆ ತಿರುಗಿ ಜಾರಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಬ್ಬನೇ ಅದನ್ನು ತಲೆಯ ಮೇಲೆ ಕವುಚಿಕೊಂಡು ಮನೆಗೆ ಹೋಗಬಹುದು. ಮೀನಿನ ಹರಿಗೋಲು ಸುಮಾರು ಆರು ಅಡಿ ಅಗಲವಿರುತ್ತದೆ, ಜನ ದಾಟಿಸುವುದು ಅದಕ್ಕಿಂತ ದೊಡ್ಡದು.

ಚರ್ಮ ಹೋಗಿ ಗೋಣಿತಟ್ಟು ಬಂತು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ತಾಡಪತ್ರಿ ಬಂದವು. ಎಲ್ಲಕ್ಕೂ ಮೇಲೆ ಡಾಂಬರು. ಈಗ ಬಿದಿರು ಸಿಗುವುದು ಕಷ್ಟ, ಹೆಣೆಯುವ ಕೈಗಳೂ ಕಡಿಮೆ. ಜುರಾಲಾ ಜಲಾಶಯ ಕಟ್ಟಿ 1990ರ ದಶಕದಲ್ಲಿ ನೀರು ನಿಂತ ಮೇಲೆ ಹಿನ್ನೀರಿನ ಮೀನುಗಾರಿಕೆ ಬೆಳೆಯಿತು. ಮಕ್ತಲ್ ಸೀಮೆಯ ಸಂಗಂಬಂಡ, ಭೂತ್ಪುರ ಜಲಾಶಯಗಳೂ ಆಮೇಲೆ ಸೇರಿಕೊಂಡವು. ಕರ್ನಾಟಕದಲ್ಲಿ ಮೀನುಗಾರಿಕೆ ಇಲಾಖೆಯೇ ಒಳನಾಡು ಮೀನುಗಾರರಿಗೆ ಫೈಬರ್ ಗ್ಲಾಸ್ ಹರಿಗೋಲು ಕೊಡುವ ಯೋಜನೆ ಮಾಡಿತು. ಹೀಗೆ ಫೈಬರ್ ನಮ್ಮ ದಂಡೆಗೆ ಬಂತು.

ಈ ಫೈಬರ್ ಎಂಬುದು ಗಾಜಿನ ನೂಲು ಮತ್ತು ಅಂಟು ಎರಡೂ ಕೂಡಿದ ವಸ್ತು. ಗಾಜನ್ನು ಕೂದಲಿಗಿಂತ ಸಣ್ಣಗೆ ಎಳೆದು, ಆ ಎಳೆಗಳ ಚಾಪೆಯನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ ಅಚ್ಚಿನ ಮೇಲೆ ಗಟ್ಟಿಯಾಗಿಸುತ್ತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಇದರಿಂದ ಸಣ್ಣ ಹಾಯಿದೋಣಿ ಮಾಡತೊಡಗಿದರು. ಮಕ್ಕಳು ನಡೆಸುವ ಆಪ್ಟಿಮಿಸ್ಟ್ ಎಂಬ ಪುಟ್ಟ ಹಾಯಿದೋಣಿ 1947ರಲ್ಲಿ ಹುಟ್ಟಿದಾಗ ಪ್ಲೈವುಡ್ಡಿನದು, ಆಮೇಲೆ ಅದೂ ಫೈಬರಿಗೆ ತಿರುಗಿತು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಪಂದ್ಯ ನೋಡಿದವರಿಗೆ ಇವುಗಳ ಪರಿಚಯವಿದ್ದೀತು. ಆ ದೋಣಿಯ ತಳ ಒಡೆದರೂ, ನಮ್ಮ ಹರಿಗೋಲಿನ ತಳ ಒಡೆದರೂ ರಿಪೇರಿ ಒಂದೇ. ಅಲ್ಲಿ ಅದನ್ನು ಹೇಳಿಕೊಡುವವರಿದ್ದಾರೆ, ಇಲ್ಲಿಲ್ಲ. ವ್ಯತ್ಯಾಸ ಅಷ್ಟೆ.

ಎಲ್ಲಿ ಒಡೆಯುತ್ತದೆ

ಬಿದಿರು ಬಾಗುತ್ತದೆ. ಫೈಬರ್ ಸ್ವಲ್ಪ ಬಾಗಿ, ಆಮೇಲೆ ಸೀಳುತ್ತದೆ. ಹರಿಗೋಲು ಬಂಡೆಗೆ ಬಡಿದಾಗ ಪೆಟ್ಟು ಒಂದೇ ಕಡೆ ಬೀಳುವುದರಿಂದ ಹೊರಮೈಯಲ್ಲಿ ಜೇಡರ ಬಲೆಯಂಥ ಗೆರೆಗಳು ಏಳುತ್ತವೆ. ಗೆರೆ ಬರೀ ಮೇಲಿನ ಬಣ್ಣದ ಪದರದಲ್ಲಿದ್ದರೆ ಭಯವಿಲ್ಲ. ಒಳಮೈಯಲ್ಲೂ ಬೆಳ್ಳಗೆ ಮಚ್ಚೆ ಕಂಡರೆ ಎಳೆಗಳೇ ಬಿಟ್ಟಿವೆ ಎಂದರ್ಥ.

ಒಂದು ನಾಣ್ಯ ತೆಗೆದುಕೊಂಡು ತಳವನ್ನು ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಡಿಗೆ ಕೊಳ್ಳುವಾಗ ಹೆಂಗಸರು ತಟ್ಟಿ ನೋಡುತ್ತಾರಲ್ಲ, ಹಾಗೆ. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಪದರ ಬಿಟ್ಟಿದೆ. ಬದ್ ಎನ್ನುವ ಜಾಗದ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದರೆ ರಿಪೇರಿಯ ಅಳತೆ ಸಿಕ್ಕಿತು. ಕಣ್ಣಿಗೆ ಕಾಣುವ ಬಿರುಕಿಗಿಂತ ಈ ಗುರುತು ಯಾವಾಗಲೂ ದೊಡ್ಡದಿರುತ್ತದೆ.

ತಳ ಗೋಡೆಗೆ ತಿರುಗುವ ಮೂಲೆ, ಮರಳಿನ ಮೇಲೆ ಎಳೆದು ಸವೆದ ನಡುಭಾಗ, ಬೋಲ್ಟ್ ಹಾಕಿದ ತೂತುಗಳು. ಈ ಮೂರನ್ನು ವಿಶೇಷವಾಗಿ ನೋಡಬೇಕು.

ಡಾಂಬರು ಯಾಕೆ ಬೇಡ

ಬಿದಿರಿನ ಹರಿಗೋಲಿನಲ್ಲಿ ಬಲ ಬಿದಿರಿನದು, ಡಾಂಬರಿನ ಕೆಲಸ ನೀರು ತಡೆಯುವುದು ಮಾತ್ರ. ಫೈಬರಿನಲ್ಲಿ ಬಲವೂ ನೀರುತಡೆಯೂ ಅದೇ ಗೋಡೆಯದು. ಗೋಡೆ ಬಿರಿದ ಮೇಲೆ ಡಾಂಬರು ಬಳಿದರೆ ಎರಡು ದಿನ ನೀರು ನಿಂತಂತೆ ಕಾಣುತ್ತದೆ, ಆದರೆ ಬಲ ಮರಳುವುದಿಲ್ಲ. ಬಿರುಕು ಒಳಗೊಳಗೇ ಉದ್ದವಾಗುತ್ತಾ ಹೋಗುತ್ತದೆ. ಮೇಲೆ ಕಪ್ಪು ಮುಚ್ಚಿರುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ. ಹೊಳೆಯ ನಡುವೆ ಭಾರ ಬಿದ್ದಾಗಲೇ ಗೊತ್ತಾಗುವುದು.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಡಾಂಬರಿನ ಜಿಡ್ಡು ಹೊಕ್ಕ ಕಡೆ ಆಮೇಲೆ ರೆಸಿನ್ ಹಿಡಿಯುವುದಿಲ್ಲ. ಹಿಂದೆ ಮಾಡಿದ ಅಗ್ಗದ ಮದ್ದು ಮುಂದಿನ ಒಳ್ಳೆ ಮದ್ದನ್ನೂ ಕೆಡಿಸುತ್ತದೆ. ಈಗಾಗಲೇ ಬಳಿದಿದ್ದರೆ ಬೆಳಗಿನ ತಂಪಿನಲ್ಲಿ ಡಾಂಬರು ಗಡುಸಾಗಿರುವಾಗ ಕೆರೆದು ತೆಗೆಯಬೇಕು. ಉಳಿದದ್ದನ್ನು ಸೀಮೆಎಣ್ಣೆಯಲ್ಲಿ ಒರೆಸಬಹುದು. ಆದರೆ ಸೀಮೆಎಣ್ಣೆಯೂ ಜಿಡ್ಡೇ. ಅದಕ್ಕೆ ಆಮೇಲೆ ಸೋಪಿನ ಪುಡಿ ಹಾಕಿ ತೊಳೆದು, ಒಣಗಿಸಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಎರಡು ಮೂರು ಸಲ, ಪ್ರತಿ ಸಲ ಹೊಸ ಬಟ್ಟೆ ತೆಗೆದುಕೊಂಡು ಒರೆಸಬೇಕು. ಜಿಡ್ಡು ಹೋಗುವ ಮೊದಲು ಉಜ್ಜಬಾರದು, ಉಜ್ಜಿದರೆ ಜಿಡ್ಡು ಇನ್ನೂ ಒಳಕ್ಕೆ ಹೋಗುತ್ತದೆ. ಕಪ್ಪಾದ ಎಳೆಗಳನ್ನು ಪೂರ್ತಿ ಕೊರೆದು ತೆಗೆಯುವುದೇ ಮೇಲು.

ಎಂ-ಸೀಲ್ ತರಹದ ಮೆದ್ದು ಹೊತ್ತಿಗೆ ಒದಗುತ್ತದೆ, ಇಲ್ಲವೆನ್ನಲಾಗದು. ಹೊಳೆಯ ನಡುವೆ ತೊಟ್ಟಿಕ್ಕಿದರೆ ದಂಡೆ ಸೇರುವ ತನಕ ಅದು ಸಾಕು. ಅದನ್ನೇ ಹಂಗಾಮು ಪೂರ್ತಿ ನಂಬುವುದು ಮಾತ್ರ ತಪ್ಪು.

ರಿಪೇರಿ ಹೀಗೆ

ಬೇಕಾಗುವ ಸಾಮಾನು ಹೆಚ್ಚಿಲ್ಲ. ಜನರಲ್ ಪರ್ಪಸ್ ಪಾಲಿಯೆಸ್ಟರ್ ರೆಸಿನ್, ಅದರ ಹಾರ್ಡನರ್, 450 ಗ್ರಾಂ ತೂಕದ ಗಾಜಿನ ಮ್ಯಾಟ್, ಅಸಿಟೋನ್, 60 ಮತ್ತು 80 ನಂಬರಿನ ಉಜ್ಜುವ ಕಾಗದ, ಹಳೆ ಬ್ರಷ್, ಸಣ್ಣ ರೋಲರ್, ಸೂಜಿ ತೆಗೆದ ಸಿರಿಂಜು. 450 ಎಂದರೆ ಒಂದು ಚದರ ಮೀಟರ್ ಮ್ಯಾಟಿನ ತೂಕ. ಅಂಗಡಿಯಲ್ಲಿ ಒಂದು ಮಾತು ಕೇಳಲೇಬೇಕು: "ಇದ್ರಾಗ ಕೋಬಾಲ್ಟ್ ಹಾಕ್ಯಾರೇನ್ರಿ?" ಕೋಬಾಲ್ಟ್ ಮೊದಲೇ ಬೆರೆತ ರೆಸಿನ್ನನ್ನೇ ಕೊಳ್ಳುವುದು ಒಳ್ಳೆಯದು. ಕಾರಣ ಮುಂದೆ ಹೇಳಿದೆ.

ಮೊದಲ ಕೆಲಸ ಒಣಗಿಸುವುದು. ತಿಂಗಳುಗಟ್ಟಲೆ ನೀರಿನಲ್ಲಿದ್ದ ಫೈಬರ್ ಮೇಲೆ ಒಣಗಿದಂತೆ ಕಂಡರೂ ಬಿರುಕಿನೊಳಗೆ ತೇವ ಇರುತ್ತದೆ. ಒಳ್ಳೆ ನೀರಿನಲ್ಲಿ ತೊಳೆದು, ಮಗುಚಿ ಹಾಕಿ, ನಾಲ್ಕೈದು ದಿನ ಬಿಸಿಲು ಗಾಳಿ ಕಾಣಿಸಬೇಕು. ತೇವದ ಮೇಲೆ ಹಚ್ಚಿದ ತೇಪೆ ಮಳೆಗಾಲದಲ್ಲಿ ಕಳಚಿ ಬರುತ್ತದೆ.

ಎರಡನೆಯದು ಬಿರುಕನ್ನು ನಿಲ್ಲಿಸುವುದು. ಬಿರುಕಿನ ಎರಡೂ ತುದಿಗೆ ಮೂರು ನಾಲ್ಕು ಮಿಲಿಮೀಟರಿನ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ತಗಡು ಸೀಳದ ಹಾಗೆ ಲಾರಿ ಮೆಕ್ಯಾನಿಕರು ಮಾಡುವ ಉಪಾಯವೇ ಇದು.

ಮೂರನೆಯದು ಇಳಿಜಾರು ಮಾಡುವುದು. ಎಲ್ಲರೂ ತಪ್ಪುವುದು ಇಲ್ಲೇ. ಬಿರುಕಿನ ಮೇಲೆ ಬರೀ ಮ್ಯಾಟ್ ಅಂಟಿಸಿದರೆ ಅದು ಚಪ್ಪಲಿಗೆ ಹಾಕಿದ ತೇಪೆಯಂತೆ ಅಂಚಿನಿಂದ ಏಳುತ್ತದೆ. ಹಳೆಯ ಗೋಡೆಯನ್ನು ಬಿರುಕಿನ ಕಡೆಗೆ ಇಳಿಯುವ ಹಾಗೆ ಎರಡೂ ಬದಿ ಉಜ್ಜಬೇಕು. ಲೆಕ್ಕ ಸುಲಭ: ಗೋಡೆಯ ದಪ್ಪದ ಹನ್ನೆರಡು ಪಟ್ಟು. ಗೋಡೆ 4 ಮಿಲಿಮೀಟರ್ ಇದ್ದರೆ ಬಿರುಕಿನ ಪ್ರತಿ ಬದಿಗೂ 48 ಮಿ.ಮೀ., ಎಂದರೆ ಸುಮಾರು 5 ಸೆಂಟಿಮೀಟರ್. ಹೊಲದ ಬದುವನ್ನು ಇಳಿಜಾರು ಮಾಡಿದರೆ ಮಳೆಗೆ ಕುಸಿಯುವುದಿಲ್ಲವಲ್ಲ, ಹಾಗೆಯೇ ಭಾರ ಒಂದೇ ಗೆರೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ಹೊಳಪು ಎಲ್ಲೂ ಉಳಿಯಬಾರದು. ಹೊಳಪಿನ ಮೇಲೆ ರೆಸಿನ್ ಕೂಡುವುದಿಲ್ಲ.

ನಾಲ್ಕನೆಯದು ಹಿಂಬದಿಗೆ ಆಸರೆ. ಒಳಗಿನಿಂದ ಒಂದು ರಟ್ಟು ಅಥವಾ ತಗಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ತಳದ ಬಾಗಿಗೆ ಸರಿಯಾಗಿ ಒತ್ತಿ ಕಟ್ಟಬೇಕು. ಇಲ್ಲದಿದ್ದರೆ ರೆಸಿನ್ ಬಿರುಕಿನಿಂದ ಕೆಳಗೆ ಸೋರುತ್ತದೆ.

ಐದನೆಯದು ಮ್ಯಾಟ್ ಕತ್ತರಿಸಿ ಇಟ್ಟುಕೊಳ್ಳುವುದು. ರೆಸಿನ್ ಕಲೆಸಿದ ಮೇಲೆ ಕತ್ತರಿ ಹುಡುಕಲು ಹೊತ್ತಿರುವುದಿಲ್ಲ. 450ರ ಒಂದು ಪದರ ಗಟ್ಟಿಯಾದ ಮೇಲೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಆಗುತ್ತದೆ. ಆದ್ದರಿಂದ 4 ಮಿ.ಮೀ. ಗೋಡೆಗೆ ಹೊರಗಿನಿಂದ ನಾಲ್ಕು ಪದರ, ಒಂದಕ್ಕಿಂತ ಒಂದು ಅಗಲ. ಆಮೇಲೆ ಒಳಗಿನಿಂದ ಎರಡು ಪದರ.

ಒಂದು ಅಡಿ ಉದ್ದದ ಬಿರುಕಿನ ಲೆಕ್ಕ ನೋಡೋಣ. ಹೊರಗಿನ ದೊಡ್ಡ ಪದರ 40 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಒಳಗಿನವು 50ಕ್ಕೆ 20. ಎಲ್ಲ ಸೇರಿ ಮ್ಯಾಟಿನ ತೂಕ 175 ಗ್ರಾಂ ದಾಟುವುದಿಲ್ಲ. ರೆಸಿನ್ ಮ್ಯಾಟಿನ ಎರಡೂವರೆ ಪಟ್ಟು ಹಿಡಿದರೆ ಅರ್ಧ ಕಿಲೋದೊಳಗೆ ಕೆಲಸ ಮುಗಿಯುತ್ತದೆ. ಇಷ್ಟಕ್ಕೆ ಹೊಸ ಹರಿಗೋಲು ಕೊಳ್ಳುವ ಅಗತ್ಯವಿಲ್ಲ.

ಆರನೆಯದು ಕಲೆಸುವುದು. ಒಂದು ಕಿಲೋ ರೆಸಿನ್ನಿಗೆ 10 ಮಿ.ಲೀ. ಹಾರ್ಡನರ್, ನಮ್ಮ ಸೀಮೆಯ ಸೆಕೆಗೆ ಇದು ಸಾಕು. ಕಾಲು ಕಿಲೋಗೆ ಎರಡೂವರೆ ಮಿ.ಲೀ. "ಬೇಗ ಹಿಡೀಲಿ" ಎಂದು ಕಣ್ಣಳತೆಯಲ್ಲಿ ಹೆಚ್ಚು ಸುರಿದರೆ ಬಟ್ಟಲಿನಲ್ಲೇ ಕಾದು ಗಟ್ಟಿಯಾಗುತ್ತದೆ, ಹೊಗೆಯೂ ಏಳಬಹುದು. ಬಿಸಿಲಿಗೆ ಹೆದರಿ ತೀರಾ ಕಡಿಮೆ ಹಾಕಿದರೆ ಎಂದೂ ಸರಿಯಾಗಿ ಗಟ್ಟಿಯಾಗದು. ಹಾಗಾಗಿ ಅಳತೆ ಬದಲಿಸುವ ಬದಲು ಹೊತ್ತು ಬದಲಿಸುವುದು ಜಾಣತನ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಬೇವಿನ ಮರದ ನೆರಳಿನಲ್ಲಿ ಕೂತು ಮಾಡಬೇಕು. ಮೋಡ ಹನಿಯುವ ದಿನ ಬೇಡವೇ ಬೇಡ. ಒಂದು ಸಲಕ್ಕೆ ಕಾಲು ಕಿಲೋಗಿಂತ ಹೆಚ್ಚು ಕಲೆಸಬಾರದು.

ಏಳನೆಯದು ಹಚ್ಚುವುದು. ಮೊದಲು ಬರೀ ರೆಸಿನ್ ಬಳಿದು, ಚಿಕ್ಕ ಮ್ಯಾಟ್ ಇಟ್ಟು, ಬ್ರಷ್ ತುದಿಯಿಂದ ಕುಟ್ಟುತ್ತಾ ನೆನೆಸಬೇಕು. ಬೆಳ್ಳಗಿರುವ ಮ್ಯಾಟ್ ನೆನೆದಂತೆ ತಿಳಿಯಾಗುತ್ತದೆ. ಬಿಳಿ ಉಳಿದ ಕಡೆ ಗಾಳಿ ಇದೆ ಎಂದು ತಿಳಿದು ರೋಲರಿನಿಂದ ಅಂಚಿನ ಕಡೆ ಹೊರಗೆ ತಳ್ಳಬೇಕು. ಹೀಗೆ ನಾಲ್ಕೂ ಪದರ ಮುಗಿದ ಮೇಲೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಒತ್ತಿದರೆ ಮೈ ನುಣುಪಾಗುತ್ತದೆ. ಗಾಳಿಗೆ ತೆರೆದಿಟ್ಟ ಪಾಲಿಯೆಸ್ಟರ್ ಮೇಲೆ ಅಂಟಂಟಾಗಿಯೇ ಉಳಿಯುವುದು ಅದರ ಗುಣ. ಹಾಳೆ ಅದನ್ನೂ ತಪ್ಪಿಸುತ್ತದೆ.

ಮರುದಿನ ಹರಿಗೋಲು ತಿರುಗಿಸಿ, ಆಸರೆ ತೆಗೆದು, ಒಳಮೈ ಉಜ್ಜಿ ಎರಡು ಪದರ ಹಾಕಬೇಕು. ಗಟ್ಟಿಯಾದ ಮೇಲೆ ಹೊರಗೆ ಜೆಲ್‌ಕೋಟ್ ಅಥವಾ ಒಳ್ಳೆ ಬಣ್ಣ. ಎಳೆಗಳು ಎಲ್ಲೂ ಬತ್ತಲಾಗಿ ಕಾಣಬಾರದು, ಕಂಡಲ್ಲಿ ನೀರು ಹೀರುತ್ತವೆ.

ಪೂರ್ತಿ ಬಲ ಬರಲು ಒಂದು ವಾರ ಬೇಕು. ಆಮೇಲೂ ನೇರ ಹೊಳೆಗೆ ಹಾಕುವುದಲ್ಲ. ಮೊಣಕಾಲುದ್ದ ನೀರಿನಲ್ಲಿ, ಎಷ್ಟು ಜನ ಕೂಡುತ್ತಾರೋ ಅಷ್ಟು ತೂಕದ ಮರಳಿನ ಚೀಲ ಹೇರಿ, ಒಂದು ತಾಸು ಬಿಟ್ಟು ನೋಡಬೇಕು. ತೇಪೆಯ ಸುತ್ತ ಒದ್ದೆಯಾದರೆ ಕೆಲಸ ಮತ್ತೆ ಮಾಡಬೇಕು ಎಂದರ್ಥ.

ಕೈಗೆ, ಕಣ್ಣಿಗೆ ಜೋಪಾನ

ಹಾರ್ಡನರ್ ನೀರಿನಂತೆ ಕಾಣುತ್ತದೆ, ಆದರೆ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಯೇ ಹೋಗಬಹುದು. ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ತೊಳೆಯುತ್ತಾ ಇದ್ದು ಆಸ್ಪತ್ರೆಗೆ ಹೋಗಬೇಕು. ಕನ್ನಡಕ, ಕೈಚೀಲ ಇಲ್ಲದೆ ಸೀಸೆ ತೆರೆಯಬಾರದು. ಮಕ್ಕಳ ಕೈಗೆ ಸಿಗುವ ಕಡೆ, ಕುಡಿಯುವ ನೀರಿನ ಬಾಟಲಿಯಲ್ಲಿ ಇಡಲೇಬಾರದು.

ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟ್ ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲೆಸಿ, ಆಮೇಲೆ ಹಾರ್ಡನರ್. ಮೊದಲೇ ಬೆರೆತದ್ದನ್ನು ಕೊಳ್ಳಿ ಎಂದದ್ದು ಇದಕ್ಕೇ. ಅಸಿಟೋನ್ ಹತ್ತಿರ ಬೀಡಿ ಸೇದುವುದು ಪೆಟ್ರೋಲ್ ಹತ್ತಿರ ಸೇದಿದಂತೆಯೇ. ಉಜ್ಜುವಾಗ ಏಳುವ ಗಾಜಿನ ಪುಡಿ ಮೈಗೆ ತುರಿಕೆ, ಎದೆಗೆ ಕೇಡು. ಮೂಗಿಗೆ ಮಾಸ್ಕ್, ತುಂಬುತೋಳಿನ ಅಂಗಿ ಇರಲಿ. ಬಟ್ಟಲಿನಲ್ಲಿ ಉಳಿದ ರೆಸಿನ್ನನ್ನು ಹುಲ್ಲಿನ ಬಣವೆಯ ಹತ್ತಿರ ಎಸೆಯಬಾರದು, ಅದು ಕಾಯುತ್ತದೆ. ಹೊಳೆಗೂ ಚೆಲ್ಲಬಾರದು.

ತಿದ್ದುಪಡಿ ಮಾಡುವವರಿಗೆ

ಕೊಂಡ ಹರಿಗೋಲನ್ನು ಕೊಂಡ ಹಾಗೇ ಇಟ್ಟುಕೊಳ್ಳುವವರು ಕಡಿಮೆ. ಕೂಡಲು ಹಲಗೆ ಬಿಗಿಯುತ್ತಾರೆ, ಅಂಚಿಗೆ ಹಳೆ ಟೈರು ಕಟ್ಟುತ್ತಾರೆ, ಬಲೆ ಎಳೆಯಲು ಅಂಚು ಅಡ್ಡವಾದರೆ ಅದನ್ನೇ ಕತ್ತರಿಸುತ್ತಾರೆ. ಹರಿಗೋಲಿನ ಬಲ ಇರುವುದು ಬಾಯಿಯ ಸುತ್ತಿನ ಉಂಗುರದಲ್ಲಿ. ಬುಟ್ಟಿಯ ಬಾಯಿಕಟ್ಟು ಬಿಚ್ಚಿದರೆ ಬುಟ್ಟಿ ಸಡಿಲಾಗುವ ಹಾಗೆ, ಈ ಉಂಗುರ ಕತ್ತರಿಸಿದರೆ ತಳವೂ ಹೊಯ್ದಾಡಿ ಬಿರಿಯುತ್ತದೆ. ಅಂಚನ್ನು ಮುಟ್ಟಬಾರದು.

ಬೋಲ್ಟ್ ಹಾಕಲೇಬೇಕಾದರೆ ತಳಕ್ಕಲ್ಲ, ಗೋಡೆಯ ಮೇಲ್ಭಾಗಕ್ಕೆ. ತೂತಿನ ಒಳಮೈಗೆ ರೆಸಿನ್ ಹಚ್ಚಿ, ಎರಡೂ ಕಡೆ ಅಗಲವಾದ ವಾಷರ್ ಕೊಟ್ಟು ಬಿಗಿಯಬೇಕು. ಹಲಗೆಯನ್ನು ಫೈಬರಿನೊಳಗೆ ಮುಚ್ಚಿದ್ದರೆ ಒಂದೇ ಒಂದು ಬತ್ತಲೆ ತೂತು ಸಾಕು, ನೀರು ಹೊಕ್ಕು ಹಲಗೆ ಒಳಗೇ ಕೊಳೆಯುತ್ತದೆ. ಮೇಲಿಂದ ಗಟ್ಟಿ ಕಾಣುವ ತಳ ಕಾಲಿಟ್ಟರೆ ಮೆತ್ತಗಾಗುವುದು ಹೀಗೆ.

ಮೋಟರ್ ಕಟ್ಟುವ ಆಸೆ ಇದ್ದವರು ಇನ್ನೊಂದು ತಿಳಿಯಬೇಕು. ದುಂಡನೆಯ ಹರಿಗೋಲು ಒಂದು ಕಡೆಯ ಭಾರಕ್ಕೂ, ಒಂದು ಕಡೆಯ ತಳ್ಳಿಗೂ ಮಾಡಿದ್ದಲ್ಲ. ಮೋಟರ್ ಕೂರಿಸಿದ ಕಡೆ ತಗ್ಗುತ್ತದೆ, ತಿರುಗುತ್ತದೆ. ಅದೂ ಅಲ್ಲದೆ ಯಂತ್ರ ಕಟ್ಟಿದ ಕೂಡಲೇ ಅದು ಕಾನೂನಿನ ಕಣ್ಣಿಗೆ ಯಂತ್ರದ ದೋಣಿ. 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ಅದಕ್ಕೆ ತಪಾಸಣೆ, ನೋಂದಣಿ ಬೇಕು. ಎರಡು ರಾಜ್ಯದ ನಡುವಿನ ನೀರಿನಲ್ಲಿ ಇದು ಸಣ್ಣ ವಿಷಯವಲ್ಲ.

ತುಂಬಿದರೆ ತೇಲೀತೆ?

ಇದು ಎಲ್ಲಕ್ಕಿಂತ ಮುಖ್ಯ. ಬಿದಿರಿನ ಹರಿಗೋಲಿನಲ್ಲಿ ನೀರು ತುಂಬಿದರೂ ಬಿದಿರಿಗೆ ತೇಲುವ ಗುಣವಿದೆ, ಹಿಡಿದುಕೊಳ್ಳಲು ಏನಾದರೂ ಉಳಿಯುತ್ತದೆ. ಫೈಬರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಗಾಳಿ ಡಬ್ಬಿ ಇಲ್ಲದ ಫೈಬರ್ ಹರಿಗೋಲು ತುಂಬಿದರೆ ಕಲ್ಲಿನಂತೆ ತಳ ಸೇರುತ್ತದೆ. ಹೊಸದು ಕೊಳ್ಳುವಾಗ ಮೊದಲು ಕೇಳಬೇಕಾದ್ದು ಬಣ್ಣವನ್ನಲ್ಲ, ಇದನ್ನು.

ಉಪಾಯ ದುಬಾರಿಯಲ್ಲ. 50 ಕಿಲೋ ತೂಕದ ಫೈಬರ್ ಹರಿಗೋಲು ನೀರಿನೊಳಗೆ ತೂಗುವುದು ಸುಮಾರು 16 ಕಿಲೋ. ಬಾಯಿ ಭದ್ರವಾಗಿ ಮುಚ್ಚಿದ 20 ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನು ಸುಮಾರು 19 ಕಿಲೋ ಎತ್ತುತ್ತದೆ. ಹಾಗಾಗಿ ಒಂದು ಕ್ಯಾನು ಹರಿಗೋಲನ್ನು ಮುಳುಗದಂತೆ ಹಿಡಿಯುತ್ತದೆ. ನಾಲ್ಕು ಕ್ಯಾನುಗಳನ್ನು ಒಳಅಂಚಿನ ಸುತ್ತ ಎದುರುಬದುರಾಗಿ ಗಟ್ಟಿ ಹಗ್ಗದಿಂದ ಬಿಗಿದರೆ ಸುಮಾರು 60 ಕಿಲೋ ಎತ್ತುವ ಶಕ್ತಿ ಮಿಗುತ್ತದೆ. ನೀರಿನಲ್ಲಿರುವ ಮನುಷ್ಯನ ತಲೆ ಮೇಲೆ ಇರಲು ಹತ್ತು ಕಿಲೋ ಆಸರೆ ಸಾಕು. ಎಂದರೆ ಆರು ಜನ ಅಂಚು ಹಿಡಿದು ತೇಲಬಹುದು. ಹತ್ತುವುದಕ್ಕಲ್ಲ, ಹಿಡಿಯುವುದಕ್ಕೆ. ಕ್ಯಾನು ಇದೆ ಎಂದು ಇನ್ನಿಬ್ಬರನ್ನು ಹೆಚ್ಚು ಕೂರಿಸಿದರೆ ಉಪಾಯವೇ ಅಪಾಯವಾದೀತು.

ಥರ್ಮಾಕೋಲ್ ಇಡುವವರಿಗೆ ಎಚ್ಚರ: ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಬೆಲ್ಲದಂತೆ ಕರಗಿಹೋಗುತ್ತದೆ. ಅದನ್ನು ಫೈಬರಿನಿಂದ ಮುಚ್ಚಲು ಹೋಗಬಾರದು.

ಲೈಫ್ ಜಾಕೆಟ್ ಬಗ್ಗೆ ಹೇಳಿದರೆ "ನಾವು ಹೊಳಿ ಮಂದಿ, ನಮಗ ಯಾಕ್ರಿ?" ಎನ್ನುವವರುಂಟು. ಈಜು ಬಲ್ಲವನೂ ಸೀರೆ ಉಟ್ಟವರನ್ನು, ಮಕ್ಕಳನ್ನು ಒಟ್ಟಿಗೆ ಹಿಡಿಯಲಾರ. 2020ರ ಆಗಸ್ಟ್ ಕಲಿಸಿದ ಪಾಠ ಅದು.

ಕಲಿಸುವವರು ಯಾರು?

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಕುಲದವರು ಎಂದು ಹೆಮ್ಮೆಪಡುವ ಜನ ಈ ದಂಡೆಯಲ್ಲಿದ್ದಾರೆ. ಹುಟ್ಟು ಹಾಕುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಹೊಸ ವಸ್ತು ಕೈಗೆ ಕೊಟ್ಟವರು ಅದರ ರಿಪೇರಿಯನ್ನೂ ಕಲಿಸಬೇಕಲ್ಲವೇ? ಟ್ರ್ಯಾಕ್ಟರ್ ಮಾರುವವನು ಸರ್ವೀಸ್ ಮಾಡುವವನನ್ನೂ ತೋರಿಸುತ್ತಾನೆ. ಫೈಬರ್ ಹರಿಗೋಲು ಕೊಟ್ಟ ಮೇಲೆ ಒಂದು ಕಿಲೋ ರೆಸಿನ್, ಎರಡು ಮೀಟರ್ ಮ್ಯಾಟ್, ಅರ್ಧ ದಿನದ ಪಾಠ ಕೊಡುವುದು ದೊಡ್ಡ ಖರ್ಚೇನಲ್ಲ.

ಎರಡೂ ದಂಡೆಯಲ್ಲಿ ಮೀನುಗಾರರ ಸಹಕಾರ ಸಂಘಗಳಿವೆ, ಪಟ್ಟಣಗಳಲ್ಲಿ ಐಟಿಐಗಳಿವೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಒಂದು ಕಡೆ ಹರಿಗೋಲುಗಳನ್ನು ಸೇರಿಸಿ, ನಾಣ್ಯ ತಟ್ಟಿ ನೋಡಿ, ಕೆಟ್ಟವನ್ನು ರಿಪೇರಿ ಮಾಡಿ ತೋರಿಸಿದರೆ ಮುಂಗಾರಿನ ಹೊತ್ತಿಗೆ ಎಷ್ಟೋ ಮನೆಯವರು ನೆಮ್ಮದಿಯಿಂದ ದಾಟುತ್ತಾರೆ. ಪಾಠ ಕನ್ನಡದಲ್ಲಾದರೂ ಆದೀತು, ತೆಲುಗಿನಲ್ಲಾದರೂ ಆದೀತು. ಇಲ್ಲಿ ಎರಡೂ ಬಲ್ಲವರೇ ಎಲ್ಲ.

ಗಡ್ಡೆಯ ಊರುಗಳಿಗೆ ಸೇತುವೆ ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ಆದರೆ ಅದರ ಹಾದಿ ಕಾಯುತ್ತಾ ಬಿರುಕು ಬಿಟ್ಟ ತಳದ ಮೇಲೆ ಮಕ್ಕಳನ್ನು ಕೂರಿಸಲಾಗದು. ಮೇಲಿನವರು ಬರುವ ತನಕ ಕೈಲಾದದ್ದನ್ನು ನಾವೇ ಮಾಡಬೇಕು. ಈ ಬೇಸಿಗೆಗೆ ಡಾಂಬರಿನ ಡಬ್ಬಿ ಬಿದಿರಿನ ಹರಿಗೋಲಿಗೆ ಇರಲಿ. ಫೈಬರಿನದಕ್ಕೆ ಮೊದಲು ಬಿಸಿಲು, ಆಮೇಲೆ ಉಜ್ಜುವ ಕಾಗದ, ಆಮೇಲೆ ಅಳತೆ ಮಾಡಿದ ರೆಸಿನ್. ಕೊನೆಗೆ ನಾಲ್ಕು ಖಾಲಿ ಕ್ಯಾನು ಕಟ್ಟುವುದನ್ನು ಮರೆಯಬಾರದು.